ಬೀಗಿತ್ತಿಯ ಮನೆಯ ನೆಲ

ಬಂದರ್‌ಹಾರ್ಜೊ, ಸೆಮರಾಂಗ್
3 ಏಪ್ರಿಲ್ 2016

ಗುರು,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಎರಡೂ ಇದರಲ್ಲಿವೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತವಳು ನಾನು. ಫೋನಿನಲ್ಲಿ ಆಡಿದ ಮಾತು ಎಷ್ಟು ಕಿವಿಗೆ ಬೀಳುತ್ತದೆಂದು ನನಗೆ ಗೊತ್ತು. ನೀನು ಪರ್ತ್‌ನಲ್ಲಿ ಫೋನ್ ಎತ್ತಿದರೆ ಪಕ್ಕದಲ್ಲೇ ವುಲಾನ್ ಕೂತಿರುತ್ತಾಳೆ. ಬಸುರಿ ಸೊಸೆ, ಡಾಕ್ಟರು ವಿಮಾನ ಹತ್ತಬೇಡ ಅಂದಿದ್ದಕ್ಕೇ ಅತ್ತವಳು. ಅವಳ ತಾಯಿಯ ಮನೆಯ ಸ್ಥಿತಿಯನ್ನು ಅವಳ ಕಿವಿಗೆ ಹೇಗೆ ಹಾಕಲಿ? ಹಾಗಾಗಿ ಕಾಗದದ ಮೇಲೆ ಬರೆದು, ಫೋಟೊ ತೆಗೆದು ನಿನಗೆ ಮೇಲ್ ಮಾಡುತ್ತೇನೆ. ಕನ್ನಡ ಅವಳಿಗೆ ಓದಲು ಬರುವುದಿಲ್ಲ, ಪುಣ್ಯ.

ನೀನು ನನ್ನನ್ನು ಕಳಿಸಿದ ಕೆಲಸ ನೆನಪಿದೆ. ಹೆರಿಗೆಗೆ ಮುಂಚೆ ಬೀಗಿತ್ತಿಯನ್ನು ಒಪ್ಪಿಸಿ, ಈ ಮನೆಗೆ ಬೀಗ ಹಾಕಿಸಿ, ನಮ್ಮ ಜೊತೆಗೇ ಇರಲು ಕರೆತರಬೇಕು. ಬಂದ ಮೊದಲ ದಿನ ಇದು ಸುಲಭ ಅಂದುಕೊಂಡೆ. ಈ ಮನೆಯಲ್ಲಿ ಯಾರಾದರೂ ಯಾಕೆ ಇರುತ್ತಾರೆ, ಹೇಳು. ವುಲಾನಳ ಅಪ್ಪ ಬಂದರಿನಲ್ಲಿ ಕೆಲಸ ಮಾಡುತ್ತಿದ್ದಾಗ ಕಟ್ಟಿದ್ದಂತೆ. ಆಮೇಲೆ ಊರಿನ ನೆಲವೇ ಕುಸಿಯುತ್ತಾ ಬಂತು. ಇವರು ಮಣ್ಣು ತುಂಬಿಸಿ ನೆಲ ಎತ್ತರಿಸುತ್ತಾ ಬಂದರು. ನೆಲ ಮೇಲೆ ಬಂತು, ಮಾಡು ಇದ್ದಲ್ಲೇ ಉಳಿಯಿತು. ಈಗ ಕಿಟಕಿ ನನ್ನ ಮೊಣಕಾಲಿಗೆ ಬರುತ್ತದೆ. ಬಾಗಿಲಲ್ಲಿ ನಾನೇ ತಲೆ ಬಗ್ಗಿಸಬೇಕು, ನೀನು ಬಂದರೆ ಮಂಡಿಯೂರಿ ಒಳಗೆ ಬರಬೇಕು. ಹಣೆ ಆಗಲೇ ಊದಿದೆ.

ನೀರು ಮಳೆಯದ್ದಲ್ಲ ಕಣೋ. ಮೋಡವಿಲ್ಲ, ನೆತ್ತಿಯ ಮೇಲೆ ಸುಡುಬಿಸಿಲು. ಸಮುದ್ರದ ಉಬ್ಬರ ಚರಂಡಿಯೊಳಗಿಂದ ಮೆತ್ತಗೆ ಎದ್ದು ಗಲ್ಲಿಗೆ ಬರುತ್ತದೆ. ಇದನ್ನು ರೋಬ್ ಅನ್ನುತ್ತಾರೆ. ಹೆಂಗಸರು ಸೀರೆ, ಅಲ್ಲ, ಲುಂಗಿ ಎತ್ತಿ ಕಟ್ಟಿಕೊಂಡು ತರಕಾರಿ ಹೆಚ್ಚುತ್ತಲೇ ಇರುತ್ತಾರೆ. ನಾನೊಬ್ಬಳೇ ಮಂಚ ಹತ್ತಿ ದೇವರ ಹೆಸರು ಹೇಳಿದ್ದು. ಇಡೀ ಗಲ್ಲಿ ನಕ್ಕಿತು.

ಬೀಗಿತ್ತಿ, ಇಲ್ಲಿನವರ ಬಾಯಲ್ಲಿ ಬು ಸುತಿನಿ, ಅಂದರೆ ಸುತಿನಿ ಅಮ್ಮ, ಕೋಲು ಹಿಡಿದು ಓಡಾಡುತ್ತಾರೆ. ಸೊಂಟದ ಮೂಳೆ ಮುರಿದವರಂತೆ ಕಾಣುವುದಿಲ್ಲ. ನನ್ನನ್ನು 'ಬೆಸಾನ್' ಎಂದು ಕರೆಯುತ್ತಾರೆ. ಬೀಗರಿಗೆ ಇವರಲ್ಲೂ ಒಂದು ಹೆಸರಿದೆ, ನೋಡು. ವುಲಾನ್ ಮೂರು ವರ್ಷ ಅಡುಗೆಮನೆಯಲ್ಲಿ ಕಲಿಸಿದ ಭಾಷೆ ಸಾಕಾಗುತ್ತಿದೆ. ಪರ್ತ್ ಮಾತು ತೆಗೆದೆ. ಚಹಾ ಕೊಟ್ಟರು.

ಬೈಗುಳ: ಚಳಿ ಇರುತ್ತದೆಂದು ಸ್ವೆಟರ್ ಹಾಕಿಸಿ ಕಳಿಸಿದವನು ನೀನು. ಇಲ್ಲಿ ಬೆವರಿ ಸಾಯುತ್ತಿದ್ದೇನೆ.

ನಿನ್ನ ಅಮ್ಮ,
ಸರಸ್ವತಿ

*

ವಿಲೆಟನ್, ಪರ್ತ್
17 ಏಪ್ರಿಲ್ 2016

ಅಮ್ಮ,

ಪತ್ರವನ್ನು ದೊಡ್ಡದು ಮಾಡಿಕೊಂಡು ಓದಿದೆ. ಕೊನೆಯ ಪುಟದಲ್ಲಿ ನಿನ್ನ ಹೆಬ್ಬೆರಳೂ ಬಂದಿದೆ. ವುಲಾನ್ ಅದನ್ನು ನೋಡಿ ನಕ್ಕಳು. ಏನು ಬರೆದಿದ್ದಾರೆ ಎಂದು ಕೇಳಿದಳು. ಎಲ್ಲ ಚೆನ್ನಾಗಿದೆಯಂತೆ ಅಂದೆ.

ಒಂದು ಹೊಸ ಸುದ್ದಿ. ನಮ್ಮ ಪ್ರಾಜೆಕ್ಟ್ ಪೂರ್ತಿ ಬ್ರಿಸ್ಬೇನ್‌ಗೆ ಹೋಗುತ್ತಿದೆ. ಅಕ್ಟೋಬರಿನಿಂದ ನನ್ನ ಆಫೀಸು ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ. ಒಪ್ಪಿಕೊಂಡುಬಿಟ್ಟೆ. ಈ ಮನೆ ಮಾರಲು ಏಜೆಂಟ್ ಜೊತೆ ಮಾತಾಡಿದ್ದೇನೆ. ಅಲ್ಲಿ ಒಂದು ಟೌನ್‌ಹೌಸ್ ನೋಡಿದ್ದೇವೆ. 2011ರ ಪ್ರವಾಹದಲ್ಲಿ ನೀರು ಬಂದಿರದ ಬೀದಿ, ಅದನ್ನು ಮೊದಲೇ ನೋಡಿಕೊಂಡೆ. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಒಂದು. ಮೇಲಿನದರಲ್ಲಿ ನಾವು, ಪಕ್ಕದ್ದು ಮಗುವಿಗೆ. ಕೆಳಗಿನದು ಅತ್ತೆಗೆ, ಅವರ ಸೊಂಟಕ್ಕೆ ಮೆಟ್ಟಿಲು ಆಗುವುದಿಲ್ಲ.

ನೀನು ಅಡಿಲೇಡಿನಲ್ಲಿ ಅನನ್ಯಾ ಹತ್ತಿರ ಇರಬಹುದು. ಅವಳ ಜೊತೆ ಮಾತಾಡಿದ್ದೇನೆ, ಅವಳಿಗೂ ಖುಷಿ. ಒಂದೇ ಅಂತಸ್ತಿನ ಮನೆ, ಹಿಂದೆ ಗಾರ್ಡನ್ ಇದೆ. ಮಗಳ ಜೊತೆ ನಿನಗೂ ಆರಾಮ. ಬೇಕಾದಾಗ ಬಂದು ಹೋಗಬಹುದು.

ಅತ್ತೆ ಏನಂತಾರೆ? ಬೇಗ ಒಪ್ಪಿಸು. ವೀಸಾಕ್ಕೆ ಹಾಕಬೇಕು.

ಗುರುದತ್

*

ಬಂದರ್‌ಹಾರ್ಜೊ
2 ಮೇ 2016

ಗುರು,

ಬ್ರಿಸ್ಬೇನ್ ವಿಷಯ ಓದಿದೆ. ಒಳ್ಳೆಯದಾಗಲಿ.

ಇಲ್ಲಿ ಮೀನಿನ ಹೊಗೆ ಮೂಗಿಗೆ ಅಭ್ಯಾಸವಾಗಿಬಿಟ್ಟಿದೆ. ಪಕ್ಕದ ಮನೆಯ ಬು ಕಾರ್ತಿಗೆ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವುದೇ ಜೀವನ. ಬೆಳಗ್ಗೆಯೇ ತೆಂಗಿನ ಚಿಪ್ಪಿಗೆ ಬೆಂಕಿ ಹಚ್ಚಿ, ತಂತಿಯ ಮೇಲೆ ಮೀನು ಜೋಡಿಸುತ್ತಾರೆ. ಈ ಮನೆಗೂ ಆ ಮನೆಗೂ ಒಂದೇ ಗೋಡೆ. ಮೊಟ್ಟೆ ಕಂಡರೆ ಮಾರು ದೂರ ನಿಲ್ಲುತ್ತಿದ್ದ ನಿನ್ನ ಅಮ್ಮನ ಸೀರೆ, ಕೂದಲು, ಜಪಮಣಿ ಎಲ್ಲ ಈಗ ಮೀನು ವಾಸನೆ. ನಿಮ್ಮಪ್ಪ ಇದ್ದಿದ್ದರೆ ಬಾಗಿಲಲ್ಲೇ ನಿಲ್ಲಿಸಿ ತಲೆಗೆ ನೀರು ಹಾಕುತ್ತಿದ್ದರು.

ಕಾರ್ತಿ ಮತ್ತು ನಿನ್ನ ಅತ್ತೆ ಈ ಗಲ್ಲಿಗೆ ಮದುವೆಯಾಗಿ ಬಂದಾಗಿನಿಂದ ಗೆಳತಿಯರು. ಮಧ್ಯಾಹ್ನವಾದರೆ ಬೆಂಚಿನ ಮೇಲೆ ಕೂತು ಮಾತಾಡುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು. ನಾನೂ ನಡುವೆ ಕೂರುತ್ತೇನೆ. ವಿಲೆಟನ್‌ನಲ್ಲಿ ನನ್ನ ಪಕ್ಕದ ಮನೆಯವರ ಹೆಸರು ಏನೆಂದು ಯೋಚಿಸಿದೆ. ತಿಳಿದಿಲ್ಲ. ಅವರ ನಾಯಿಯ ಹೆಸರು ಗೊತ್ತು.

ಪರ್ತ್‌ಗೆ ಬರುವ ಮಾತು ಎತ್ತಿದರೆ ಬೀಗಿತ್ತಿಯದು ಒಂದೇ ಉತ್ತರ. "ಗಲ್ಲಿಯ ನೆಲ ಎತ್ತೋ ಸರದಿ ಮುಗೀಲಿ ಬೆಸಾನ್, ಆಮೇಲೆ ನೋಡೋಣ." ನನಗೇನೋ ಇದು ತಪ್ಪಿಸಿಕೊಳ್ಳುವ ಮಾತು ಅನ್ನಿಸುತ್ತದೆ. ಸರದಿ ಯಾವಾಗ ಎಂದರೆ ಆಗಸ್ಟ್ ಅನ್ನುತ್ತಾರೆ, ಇಲ್ಲ ಮುಂದಿನ ವರ್ಷ ಅನ್ನುತ್ತಾರೆ. ಈ ಮನೆಯ ನೆಲ ಸರಿಹೋದರೆ ಆ ನೆಪವೂ ಇರುವುದಿಲ್ಲ.

ನಾಳೆ ಅವರು ಸೋಲೊ ಊರಿನ ತಂಗಿಯ ಮನೆಗೆ ಹೋಗುತ್ತಿದ್ದಾರೆ. ಅಲ್ಲಿ ಸೊಂಟಕ್ಕೆ ವ್ಯಾಯಾಮ ಹೇಳಿಕೊಡುವವರಿದ್ದಾರಂತೆ. ಒಂದು ತಿಂಗಳು ಮನೆಯಲ್ಲಿ ನಾನೊಬ್ಬಳೇ.

ಅಮ್ಮ

*

ವಿಲೆಟನ್
5 ಮೇ 2016

ಅಮ್ಮ,

ಒಳ್ಳೆಯ ಐಡಿಯಾ ಕೊಟ್ಟೆ! ಅವರು ಬರುವಷ್ಟರಲ್ಲಿ ನೆಲ ಮಾಡಿಸಿಬಿಡೋಣ. ನನ್ನ ಆಫೀಸಿನಲ್ಲಿ ಸೆಮರಾಂಗಿನವನೊಬ್ಬ ಇದ್ದಾನೆ, ಗುಡ್ಡದ ಮೇಲಿನ ಬಡಾವಣೆಯವನು. ಅವನಿಗೆ ಪರಿಚಯದ ಕಾಂಟ್ರ್ಯಾಕ್ಟರ್ ಸೋಮವಾರವೇ ಕೆಲಸ ಶುರು ಮಾಡುತ್ತಾನೆ. ಬುಟ್ಟಿಯಲ್ಲಿ ಮಣ್ಣು ಸುರಿಯುವ ಕೆಲಸವಲ್ಲ. ಎರಡು ಅಡಿ ಕಾಂಕ್ರೀಟ್, ಮುಂದೆ ಹತ್ತು ವರ್ಷ ಚಿಂತೆಯಿಲ್ಲ. ಮಾಡನ್ನೂ ಎತ್ತಿಸುತ್ತೇನೆ, ನಿನ್ನ ಹಣೆ ಉಳಿಯುತ್ತದೆ.

ವುಲಾನ್‌ಗೆ ಹೇಳಿಲ್ಲ. ಇಬ್ಬರಿಗೂ ಸರ್ಪ್ರೈಸ್ ಆಗಲಿ. ನೀನು ಮನೆಯಲ್ಲಿದ್ದು ನೋಡಿಕೋ, ಸಾಕು.

ಗುರು

*

ಬಂದರ್‌ಹಾರ್ಜೊ
9 ಜೂನ್ 2016

ಗುರು,

ಫೋನಿನಲ್ಲಿ ಅರ್ಧ ಹೇಳಿದೆ. ಉಳಿದದ್ದು ಇಲ್ಲಿದೆ. ನಿಧಾನವಾಗಿ ಓದು.

ಕೆಲಸ ನಡೆಯುವಾಗ ಗಲ್ಲಿಯವರೆಲ್ಲ ಬಂದು ನೋಡಿದರು. ಯಾರೂ ಒಂದು ಮಾತು ಆಡಲಿಲ್ಲ. ಕಾರ್ತಿ ಬಾಗಿಲಲ್ಲಿ ನಿಂತು ನಕ್ಕರು. ನಾನೂ ನಕ್ಕೆ. ಕೆಲಸದವರಿಗೆ ಅವರೇ ಚಹಾ ಮಾಡಿ ಕಳಿಸಿದರು. ಇಷ್ಟು ದಿನ ಇದ್ದೂ ಇವರ ನಗು ಯಾವುದಕ್ಕೆ ಎಂದು ನನಗೆ ಗೊತ್ತಾಗಿರಲಿಲ್ಲ. ಮನಸ್ಸಿಗೆ ನೋವಾದಾಗಲೂ ಇವರು ನಗುತ್ತಾರೆ.

ಭಾನುವಾರ ದೊಡ್ಡ ರೋಬ್ ಬಂತು. ಬೀಗಿತ್ತಿ ಸೋಲೊದಿಂದ ಬಂದದ್ದೂ ಅವತ್ತೇ. ನಾನು ಹೊಸ ನೆಲದ ಮೇಲೆ ನಿಂತು, ಕಾಲು ಒದ್ದೆಯಾಗದೆ, ಹೆಮ್ಮೆಯಿಂದ ಗಲ್ಲಿ ನೋಡುತ್ತಿದ್ದೆ. ನೀರು ನಮ್ಮ ಮನೆಗೆ ಬರಲಿಲ್ಲ. ಮೊದಲು ಎರಡೂ ಮನೆಗೆ ಕಣಕಾಲಿನಷ್ಟು ಬರುತ್ತಿದ್ದದ್ದು ಈಗ ಪೂರ್ತಿ ಕಾರ್ತಿಯ ಮನೆಗೆ ನುಗ್ಗಿತು. ಒಲೆ ಮುಳುಗಿತು. ಚಿಪ್ಪಿನ ಮೂಟೆಗಳು ತೇಲಿದವು. ಇವರ ಉಪವಾಸದ ತಿಂಗಳು ಶುರುವಾಗುವ ಹಿಂದಿನ ದಿನ ಅದು, ಮೀನಿಗೆ ತುಂಬ ಗಿರಾಕಿಗಳಿರುವ ಸಮಯ. ಹಾಕಿದ್ದ ಮೀನೆಲ್ಲ ಚರಂಡಿ ನೀರಿನ ಪಾಲಾಯಿತು.

ಬೀಗಿತ್ತಿ ಆಟೊದಿಂದ ಇಳಿದು ಹೊಸ ಬಾಗಿಲು ನೋಡಿದರು. ಪಕ್ಕದ ಮನೆ ನೋಡಿದರು. "ಯಾರು ಕೇಳಿದ್ದು?" ಅಂದರು. ನೆಲ ಎತ್ತಲು ಯಾರು ಹೇಳಿದ್ದು ಅನ್ನುತ್ತಿದ್ದಾರೆಂದುಕೊಂಡು ನಿನ್ನ ಹೆಸರು ಹೇಳಿದೆ. ಅವರು ತಲೆಯಾಡಿಸಿದರು. "ಅಲ್ಲ ಬೆಸಾನ್. ಕಾರ್ತಿಯನ್ನ ಯಾರು ಕೇಳಿದ್ದು?"

ಈ ಗಲ್ಲಿಯ ಕ್ರಮ ಆಮೇಲೆ ತಿಳಿಯಿತು. ನೆಲ ಎತ್ತುವ ಮೊದಲು ಅನ್ನ ಪಲ್ಯದ ತಟ್ಟೆ ಹಿಡಿದು ತಗ್ಗಿನ ಕಡೆಯ ಮನೆಗೆ ಹೋಗಬೇಕು. ಕೇಳಬೇಕು. ಅವರ ನೆಲ ಮೊದಲು ಏಳಬೇಕು, ಇಲ್ಲವೇ ಎರಡೂ ಒಟ್ಟಿಗೆ ಏಳಬೇಕು. ಬೀಗಿತ್ತಿ ಸರದಿ ಅನ್ನುತ್ತಿದ್ದದ್ದು ಇದನ್ನು. ನಾನು ಅದನ್ನು ನೆಪ ಅಂದುಕೊಂಡೆ.

ಅವತ್ತಿನಿಂದ ಅವರು ಹೊಸ್ತಿಲು ದಾಟಿಲ್ಲ. ಕಾರ್ತಿಯ ಒದ್ದೆ ಮನೆಯ ಬೆಂಚಿನ ಮೇಲೆ, ಆ ಸೊಂಟ ಇಟ್ಟುಕೊಂಡು ಮಲಗುತ್ತಿದ್ದಾರೆ. ಒಣ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ನನಗೆ ನಾಚಿಕೆಯಾಗುತ್ತಿದೆ ಗುರು.

ಅಮ್ಮ

*

ವಿಲೆಟನ್
12 ಜೂನ್ 2016

ಅಮ್ಮ,

ಹೀಗಾಗುತ್ತದೆಂದು ನನಗೇನು ಗೊತ್ತು? ಸಹಾಯ ಮಾಡಲು ಹೋದದ್ದು ತಾನೇ. ಕಾರ್ತಿ ಆಂಟಿಗೆ ನಷ್ಟ ತುಂಬಿಕೊಡುತ್ತೇನೆ, ಎಷ್ಟು ಅಂತ ಹೇಳಲಿ.

ವುಲಾನ್‌ಗೆ ಹೇಳಬೇಕಾಯಿತು. ಅವಳು ಕೂಗಾಡಲಿಲ್ಲ. "ಯಾರನ್ನಾದರೂ ಕೇಳಿದೆಯಾ?" ಅಂದಳು.

ಆದರೆ ಅಮ್ಮ, ತಪ್ಪು ತಿಳಿಯಬೇಡ, ಒಂದು ರೀತಿಯಲ್ಲಿ ಯೋಚಿಸಿ ನೋಡು. ಅವರಿಗೆ ಈಗ ಆ ಮನೆಗೆ ಹೋಗಲು ಮನಸ್ಸಿಲ್ಲ. ಅಕ್ಕಪಕ್ಕದವರ ಜೊತೆಯೂ ಮೊದಲಿನಂತಿರುವುದಿಲ್ಲ. ಹೊರಡಲು ಇದೇ ಸಮಯ ಅಲ್ಲವೇ? ಈಗ ಕೇಳಿದರೆ ಒಪ್ಪಬಹುದು.

ಗುರು

*

ಬಂದರ್‌ಹಾರ್ಜೊ
14 ಜೂನ್ 2016

ಗುರುದತ್,

ನಿನ್ನ ಪತ್ರದ ಕೊನೆಯ ಭಾಗವನ್ನು ನಾನು ಓದಿಲ್ಲ ಎಂದುಕೊಳ್ಳುತ್ತೇನೆ. ನೀನೂ ಬರೆದಿಲ್ಲ ಎಂದುಕೋ.

ಸರಸ್ವತಿ

*

ಬಂದರ್‌ಹಾರ್ಜೊ
9 ಜುಲೈ 2016

ಗುರು,

ಸಿಟ್ಟು ಇಳಿದಿದೆ. ಸೊಂಟ ಹಿಡಿದಿದೆ. ಕಾರಣ ಹೇಳುತ್ತೇನೆ.

ಕಳೆದ ತಿಂಗಳ ಕೊನೆಗೆ ಬೀಗಿತ್ತಿ ಗಲ್ಲಿಯ ಮೇಸ್ತ್ರಿಯನ್ನು ಕರೆಸಿ, ನೀನು ಹಾಕಿಸಿದ ಕಾಂಕ್ರೀಟ್ ಒಡೆಸಿದರು. ನಾನು ಮೊದಲು ತಡೆಯಲು ಹೋದೆ. ನೆರೆಮನೆಗೆ ನಷ್ಟ ತುಂಬಿಕೊಟ್ಟರೆ ಆಯಿತಲ್ಲ ಅಂದೆ. ಅವರು ಕೋಲೂರಿ ನಿಂತು, "ಮುಂದಿನ ರೋಬ್‌ಗೂ ತುಂಬಿಕೊಡ್ತೀರಾ? ಅದರ ಮುಂದಿನದಕ್ಕೆ?" ಅಂದರು. ನಾನು ಸೆರಗು ಸಿಕ್ಕಿಸಿಕೊಂಡು ಬುಟ್ಟಿ ಎತ್ತಿದೆ.

ಒಡೆದ ಕಲ್ಲೆಲ್ಲ ಗೋಡೆಯಾಚೆ ಕಾರ್ತಿಯ ಮನೆಗೆ ಹೋಯಿತು. ಗಲ್ಲಿಯವರೆಲ್ಲ ಸೇರಿದರು, ಬಾಯಲ್ಲಿ ತೊಟ್ಟು ನೀರಿಲ್ಲದ ಉಪವಾಸದಲ್ಲಿ. ನಾನೂ ಆ ದಿನಗಳಲ್ಲಿ ಸಂಜೆಯವರೆಗೆ ಏನೂ ತಿನ್ನಲಿಲ್ಲ. ಭಕ್ತಿಯಿಂದಲ್ಲ, ಅವರ ಎದುರು ತಿನ್ನಲು ಮುಖವಿರಲಿಲ್ಲ. ಈಗ ಎರಡೂ ಮನೆಯ ನೆಲ ಒಂದೇ ಮಟ್ಟದಲ್ಲಿದೆ. ನಮ್ಮದು ನೀನು ಮಾಡಿಸಿದ್ದಕ್ಕಿಂತ ಒಂದು ಅಡಿ ಕೆಳಗೆ, ಅವರದು ಮೊದಲಿಗಿಂತ ಒಂದು ಅಡಿ ಮೇಲೆ. ಆಮೇಲೆ ಸಣ್ಣ ರೋಬ್ ಬಂತು. ಎರಡೂ ಮನೆಯ ಹೊಸ್ತಿಲಿನವರೆಗೆ ಬಂದು ಹೋಯಿತು. ಆ ರಾತ್ರಿ ಬೀಗಿತ್ತಿ ತಮ್ಮ ಮನೆಯಲ್ಲಿ ಮಲಗಿದರು.

ಬುಧವಾರ ಇವರ ಹಬ್ಬ. ಅವತ್ತು ಒಬ್ಬರ ಮನೆಗೆ ಒಬ್ಬರು ಹೋಗಿ ಕ್ಷಮೆ ಕೇಳುವ ಪದ್ಧತಿ. ನಾನು ಹೊಸ ಸೀರೆ ಉಟ್ಟು ಕಾರ್ತಿಯ ಎದುರು ಕೈಮುಗಿದು, ತಪ್ಪಾಯ್ತು ಅಂದೆ. ಮಾತು ಮುಗಿಸುವುದಕ್ಕೆ ಬಿಡಲಿಲ್ಲ. ಕೈ ಹಿಡಿದು ಕೂರಿಸಿದರು. ಅನ್ನದ ಕಡುಬು, ತೆಂಗಿನ ಹಾಲಿನ ಸಾರು ಬಡಿಸಿದರು. ಮೀನು ಮುಟ್ಟದ ಹೊಸ ಪಾತ್ರೆಯಲ್ಲಿ ನನಗೆಂದೇ ಮಾಡಿದ್ದರು. ನಾನು ಅತ್ತುಬಿಟ್ಟೆ. ಅವರು ನಕ್ಕರು. ಈ ಸಲದ ನಗು ಬೇರೆ ಥರದ್ದು, ಅಷ್ಟು ಮಟ್ಟಿಗೆ ಕಲಿತಿದ್ದೇನೆ.

ಸಂಜೆ ನಾನೂ ಬೀಗಿತ್ತಿಯೂ ಬಾಗಿಲಲ್ಲಿ ಕೂತಿದ್ದೆವು. ಅವರೇ ಪರ್ತ್ ಮಾತು ತೆಗೆದರು. ಬ್ರಿಸ್ಬೇನ್ ಮನೆ ಹೇಗಿದೆ ಎಂದು ಕೇಳಿದರು. ಹೇಳಿದೆ. ಮಹಡಿ, ಕೆಳಗಿನ ಕೋಣೆ, ಎಲ್ಲ.

"ಆ ಕೆಳಗಿನ ಕೋಣೆ ನನಗಾದರೆ, ನಿಮ್ಮದು ಯಾವುದು ಬೆಸಾನ್?"

ಅಡಿಲೇಡಿನಲ್ಲಿ ಮಗಳಿದ್ದಾಳೆ ಅಂದೆ. ಒಳ್ಳೆಯ ಊರು, ಗಾರ್ಡನ್ ಇದೆ ಅಂದೆ. ನಿನ್ನ ಮಾತುಗಳನ್ನೇ ಹೇಳಿದೆ.

"ನೀವೇ ಹೋಗ್ತೀನಿ ಅಂದಿದ್ದಾ, ಅವರು ಕಳಿಸ್ತಿರೋದಾ?"

ನಾನು ಗಲ್ಲಿಯ ಕಡೆ ನೋಡುತ್ತಾ ಕೂತೆ. ಅವರು, "ಹಾಗಾದರೆ ನಾನು ಅಲ್ಲಿಗೆ ಬಂದರೆ ಆ ನೀರು ನಿಮ್ಮ ಮನೆಗೆ ಹೋಗುತ್ತೆ," ಅಂದರು. "ಒಂದು ಸಲ ಆದದ್ದು ಸಾಕು."

ಗುರು, ನೀನು ಕಳಿಸಿದ ಕೆಲಸ ಕೆಟ್ಟಿತು. ಅವರು ಅಲ್ಲಿ ಉಳಿಯಲು ಬರುವುದಿಲ್ಲ. ಹೆರಿಗೆಗೆ ಬರುತ್ತಾರೆ, ಬಾಣಂತನ ಮುಗಿಸುತ್ತಾರೆ, ನನ್ನ ಕೋಣೆಯಲ್ಲಿ ನನ್ನ ಜೊತೆ ಮಲಗುತ್ತಾರೆ, ವಾಪಸು ಬರುತ್ತಾರೆ. ಇದು ಅವರ ಮಾತು.

ಇನ್ನು ನನ್ನ ಮಾತು. ನಿನ್ನ ಏಪ್ರಿಲ್ ಪತ್ರಕ್ಕೆ ನಾನು ಏನೂ ಹೇಳಲಿಲ್ಲ. ಅದನ್ನು ನೀನು ಒಪ್ಪಿಗೆ ಅಂದುಕೊಂಡೆ. ನೀನು ಕೆಟ್ಟವನಲ್ಲ, ನನ್ನ ಮಂಡಿನೋವಿನ ಯೋಚನೆಯೂ ನಿನಗಿದೆ, ಅದೂ ಗೊತ್ತು. ಆದರೂ ಅವತ್ತು ಬಹಳ ನೋವಾಯಿತು. ನನ್ನ ಜಾಗವನ್ನು ಬೇರೆಯವರಿಗೆ ಕೊಡಿಸಲು ನಾನೇ ಊರೂರು ಸುತ್ತಿ ಒಪ್ಪಿಸುತ್ತಿದ್ದೇನಲ್ಲ ಅನ್ನಿಸಿತು. ನೀನು ಅನನ್ಯಾಳನ್ನು ಕೇಳಿದ್ದಾಗಿ ಬರೆದೆ. ಏಜೆಂಟನ್ನು ಕೇಳಿದೆ. ನೀರು ಬರದ ಬೀದಿ ಯಾವುದೆಂದು ಕೇಳಿ ತಿಳಿದುಕೊಂಡೆ. ನನ್ನನ್ನು ಕೇಳಲಿಲ್ಲ. ಬೀಗಿತ್ತಿ ಕೇಳಿದರು.

ಅಮ್ಮ

*

ವಿಲೆಟನ್
16 ಜುಲೈ 2016

ಅಮ್ಮ,

ನಾಲ್ಕು ಸಲ ಬರೆದು ಅಳಿಸಿದೆ.

ನಿನ್ನ ಪತ್ರಗಳನ್ನೆಲ್ಲ ವುಲಾನ್‌ಗೆ ಮೊದಲಿನಿಂದ ಓದಿ ಹೇಳಿದೆ. ಹೇಳಬೇಕಾಗಿತ್ತು. ಅವಳ ತಾಯಿಯ ಮನೆಯ ವಿಷಯ ಅವಳಿಂದ ಮುಚ್ಚಿಟ್ಟದ್ದೂ ನಾವೇ. ಕಿಟಕಿ ಮೊಣಕಾಲಿಗೆ ಬರುವುದು ಅವಳಿಗೆ ಹೊಸದಲ್ಲವಂತೆ. ಚಿಕ್ಕವಳಿದ್ದಾಗ ಅದೇ ಕಿಟಕಿ ಹತ್ತಲು ಸ್ಟೂಲ್ ಬೇಕಿತ್ತಂತೆ. ಅಡಿಲೇಡಿನ ಮಾತನ್ನೂ ಬಿಡದೆ ಓದಿದೆ. ಅವಳಿಗೂ ನಾನು ಅದನ್ನು 'ಅಮ್ಮನಿಗೇ ಅದು ಇಷ್ಟ' ಎಂದು ಹೇಳಿದ್ದೆ.

ಬ್ರಿಸ್ಬೇನ್ ಮನೆಗೆ ಇನ್ನೂ ಸಹಿ ಹಾಕಿಲ್ಲ. ಹಾಕುವುದೂ ಇಲ್ಲ, ನಿನ್ನ ಉತ್ತರ ಬರುವವರೆಗೆ. ಕೆಲಸ ಒಪ್ಪಿಕೊಂಡಾಗಿದೆ, ಆ ಊರು ಬದಲಾಗದು. ಉಳಿದದ್ದೆಲ್ಲ ಬದಲಾಗಬಹುದು. ತಡವಾಯಿತು, ಆದರೂ ಕೇಳುತ್ತಿದ್ದೇನೆ. ಅಮ್ಮ, ನಿನಗೆ ಎಲ್ಲಿರಲು ಇಷ್ಟ?

ಗುರು

*

ಬಂದರ್‌ಹಾರ್ಜೊ
20 ಜುಲೈ 2016

ಗುರು,

ಪತ್ರ ಬಂತು. ಓದಿ, ಎದ್ದು ಹೋಗಿ ನೀರು ಕುಡಿದು ಬಂದು, ಮತ್ತೆ ಓದಿದೆ. ಬೀಗಿತ್ತಿಗೂ ಹೇಳಿದೆ. ಅವರು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿದರು.

ಇಬ್ಬರಿಗೂ ಆಗಸ್ಟ್ ಹತ್ತನೇ ತಾರೀಖಿಗೆ ಟಿಕೆಟ್ ಮಾಡಿಸು. ವುಲಾನಳಿಗೆ ಹೇಳು, ಅವರಮ್ಮ ಮೆಣಸು, ಬೆಲ್ಲ, ಏನೇನೋ ಬೇರು ಕಟ್ಟಿಕೊಳ್ಳುತ್ತಿದ್ದಾರೆ. ವಿಮಾನ ನಿಲ್ದಾಣದಲ್ಲಿ ಅರ್ಧ ಕಸಿದುಕೊಳ್ಳುತ್ತಾರೆಂದರೆ ಕೇಳುತ್ತಿಲ್ಲ. ಅಂಜನ, ಕಾಲೊತ್ತುವ ಎಣ್ಣೆ ನನ್ನ ಪಾಲಿನವು. ಬಾಣಂತಿಗೆ ಏನು ಕೊಡಬೇಕೆಂದು ಆಗಲೇ ಇಬ್ಬರಿಗೂ ಜಗಳವಾಗಿದೆ. ಅವರು ತಣ್ಣೀರು ಅಂದರು, ನಾನು ಬಿಸಿನೀರು ಅಂದೆ.

ಇನ್ನು ನೀನು ಕೇಳಿದ ವಿಷಯ. ಏನೆಂದು ಬರೆಯಲಿ ಎಂದು ಎರಡು ದಿನ ಪೆನ್ನು ಹಿಡಿದು ಕೂತೆ. ಅನನ್ಯಾ ಹತ್ತಿರವೇ, ನಿನ್ನ ಹತ್ತಿರವೇ, ಮೈಸೂರೇ, ಇನ್ನೆಲ್ಲಾದರೂ ಒಂದು ಸಣ್ಣ ಮನೆಯೇ. ಒಂದೊಂದನ್ನೂ ಮನಸ್ಸಿನಲ್ಲಿ ಇಟ್ಟು ನೋಡಿದೆ. ಅವರಿಗೆ ಅನುಕೂಲವೇ, ಇವರಿಗೆ ತೊಂದರೆಯೇ ಎಂದೇ ತಲೆ ಓಡುತ್ತದೆ. ನನಗೆ ಏನು ಬೇಕು ಎನ್ನುವ ಕಡೆಗೆ ತಿರುಗುವುದೇ ಇಲ್ಲ. ಯಾರೂ ಕೇಳಿರಲಿಲ್ಲವಲ್ಲ, ನಾನೂ ಯೋಚಿಸಿಟ್ಟುಕೊಂಡಿಲ್ಲ.

ಉತ್ತರ ಬರುವವರೆಗೆ ಸಹಿ ಹಾಕುವುದಿಲ್ಲ ಅಂದಿದ್ದೀಯ. ಆ ಮಾತಿಗೆ ನಿಲ್ಲು, ಅವಸರ ಮಾಡಬೇಡ. ಅರವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಬಂದ ಪ್ರಶ್ನೆ ಇದು. ನಾನು ಯೋಚನೆ ಮಾಡಬೇಕು.

ನಿನ್ನ ಅಮ್ಮ,
ಸರಸ್ವತಿ